ಬೆರಳಲ್ಲಿ ಮೂರು ಸುತ್ತು

ಗುಂಪಿನಲ್ಲಿ ಸೈಕಲ್ ತುಳಿಯುವವರ ಮೊದಲ ನಂಬಿಕೆ ಇದು: ಕಿರ್ ಎನ್ನುವುದು ಯಾವಾಗಲೂ ಪಕ್ಕದವರ ಸೈಕಲ್. ಇಪ್ಪತ್ತು ಜನ ಒಟ್ಟಿಗೆ ಹೋಗುತ್ತಿರುವಾಗ ಎಲ್ಲಿಂದಲೋ ಒಂದು ಕಿರ್ ಕೇಳಿದರೆ ಇಪ್ಪತ್ತು ತಲೆಗಳೂ ಪಕ್ಕಕ್ಕೆ ತಿರುಗುತ್ತವೆ. ಬಗ್ಗಿ ತನ್ನದನ್ನು ನೋಡಿಕೊಂಡವನನ್ನು ನಾನು ಈ ತನಕ ಕಂಡಿಲ್ಲ.

ಆ ಭಾನುವಾರ ಬೆಳಿಗ್ಗೆ ಕಿರ್ ಎನ್ನುತ್ತಿದ್ದದ್ದು ಟೈಲರಮ್ಮನ ಸೈಕಲ್. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಆರುನೂರು ಕಿಲೋಮೀಟರ್, ನಲವತ್ತು ಗಂಟೆ. ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟು ಭಾನುವಾರ ರಾತ್ರಿ ಹತ್ತರೊಳಗೆ ಮುಗಿಸಬೇಕು. ದಾರಿಯಲ್ಲಿ ಐದು ಕಡೆ ಒಬ್ಬೊಬ್ಬರು ಮೇಜು ಹಾಕಿಕೊಂಡು ಕೂತಿರುತ್ತಾರೆ. ಗೊತ್ತುಮಾಡಿದ ಹೊತ್ತಿನೊಳಗೆ ಅಲ್ಲಿಗೆ ತಲುಪಿ ಕಾರ್ಡಿಗೆ ಸೀಲು ಹಾಕಿಸಿಕೊಳ್ಳಬೇಕು. ಒಂದು ನಿಮಿಷ ತಡವಾದರೂ ಕಾರ್ಡು ಬರೀ ರಟ್ಟು, ಸವಾರ ಬರೀ ದಾರಿಹೋಕ. ಬಹುಮಾನವಿಲ್ಲ, ಮೊದಲ ಸ್ಥಾನವಿಲ್ಲ, ನೋಡಿ ಚಪ್ಪಾಳೆ ತಟ್ಟುವವರೂ ಇಲ್ಲ. ಇಂಥದ್ದಕ್ಕೆ ಬರುವವರಲ್ಲಿ ಎರಡು ಬಗೆ. ಒಂದು, ಮೈಯ ಕೊಬ್ಬು ಕರಗಿಸಲಾಗದೆ ಸೈಕಲ್ಲಿನ ಲೋಹ ಕರಗಿಸುವವರು. ಹಲ್ಲಿನ ಡಾಕ್ಟರೊಬ್ಬರಿದ್ದರು, ನಮಸ್ಕಾರಕ್ಕೆ ಬದಲು ‘ಇವತ್ತು ಎಷ್ಟು ವ್ಯಾಟ್ ತುಳೀತಾ ಇದ್ದೀರ?’ ಎಂದು ಕೇಳುವವರು. ನಾನು ಅವರನ್ನು ಬಲ್ಬು ಡಾಕ್ಟರು ಎನ್ನುತ್ತಿದ್ದೆ. ಇನ್ನೊಂದು ಬಗೆ ಟೈಲರಮ್ಮನಂಥವರು. ಮೂಲೆಯಲ್ಲಿ ಬಿದ್ದಿದ್ದ ಸೈಕಲ್ಲಿಗೆ ಗಾಳಿ ಹೊಡೆದುಕೊಂಡು ಬಂದುಬಿಟ್ಟವರು. ಈ ಎರಡರಲ್ಲಿ ಒಂದಕ್ಕೂ ನಾನು ಸೇರಿದವನಲ್ಲ ಎಂದು ನನ್ನ ಲೆಕ್ಕ.

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಕಲ್ಲು, ಲೀಟರಿನ ಡಬ್ಬ, ಮೀಟರಿನ ಕೋಲು ಎಲ್ಲವನ್ನೂ ಪರೀಕ್ಷೆ ಮಾಡಿ ಸರಿಯಿದ್ದದ್ದಕ್ಕೆ ಸೀಲು ಹಾಕುತ್ತೇನೆ, ಇಲ್ಲದ್ದನ್ನು ಮುಚ್ಚಿಸುತ್ತೇನೆ. ಹನ್ನೊಂದು ವರ್ಷದಲ್ಲಿ ನಾನು ಕೇಳಿರುವ ಸುಳ್ಳುಗಳೆಲ್ಲ ಒಂದೇ ತಾಯಿಯ ಮಕ್ಕಳು. ಮುಳ್ಳು ಸ್ವಲ್ಪ ಆ ಕಡೆ ನಿಲ್ಲುತ್ತೆ ಸಾರ್, ಅಷ್ಟೆ. ನೆಲ ಸಮ ಇಲ್ಲ ಸಾರ್. ಫ್ಯಾನ್ ಗಾಳಿಗೆ ಹಾಗೆ ಸಾರ್. ಹೇಳುವಾಗ ಎಲ್ಲರ ಮುಖದಲ್ಲೂ ಒಂದೇ ಬಗೆಯ ಜಿಡ್ಡು ನಗು. ಐದು ಗ್ರಾಂ ಎಂದರೆ ಐದು ಗ್ರಾಂ, ನನ್ನ ಬಳಿ ಮಾತಿಲ್ಲ. ಅದಕ್ಕೇ ಭಾವ ನನ್ನನ್ನು ‘ತಕ್ಕಡಿ’ ಎಂದು ಕರೆಯುವುದು. ಮೊದಮೊದಲು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಅಕ್ಕ, ಭಾವ ಇಬ್ಬರೂ ಸೇರಿ ಸೈಕಲ್ ರಿಪೇರಿ ಅಂಗಡಿ ನಡೆಸುತ್ತಾರೆ. ಒಂದು ಬಾಗಿಲಿನ ಅಂಗಡಿ. ಗೋಡೆಯ ಮೇಲೆ ಒಂದೊಂದು ಸ್ಪ್ಯಾನರಿನ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದು ಮೊಳೆ ಹೊಡೆದಿದ್ದಾರೆ. ಯಾವುದು ಜಾಗದಲ್ಲಿಲ್ಲ ಎಂದು ಬಾಗಿಲಲ್ಲೇ ತಿಳಿಯುತ್ತದೆ. ಅಕ್ಕ ಚಕ್ರದ ಕಡ್ಡಿಗಳನ್ನು ಉಗುರಿನಿಂದ ಮೀಟುತ್ತಾ ಹೋಗಿ, ಸಡಿಲಾದದ್ದನ್ನು ಸದ್ದಿನಲ್ಲೇ ಹಿಡಿಯುತ್ತಾಳೆ. ನನ್ನ ಸೈಕಲ್ ಭಾವ ತಮಗಾಗಿ ಒಂದೊಂದೇ ಭಾಗ ಹುಡುಕಿ ಎರಡು ವರ್ಷ ಕೂತು ಕಟ್ಟಿದ್ದು. ಆಮೇಲೆ ಮಂಡಿ ಕೈಕೊಟ್ಟಿತು. ಸೈಕಲ್ ನನ್ನ ಪಾಲಿಗೆ ಬಂತು, ಊಟದ ಮೇಜಿನ ಮುಂದೆ ಹಾಕಿದ ಒಂದು ಷರತ್ತಿನ ಮೇಲೆ.

‘ಮೂರು ಸಲ ನೋಡ್ತೀನಿ ತಕ್ಕಡಿ. ಮೂರನೇ ಸಲಾನೂ ಆರ್ನೂರು ಮುಗಿಸ್ಲಿಲ್ಲ ಅಂದ್ರೆ ತಂದು ಅಂಗಡಿ ಗೂಟಕ್ಕೆ ನೇತು ಹಾಕು. ಮುಗಿಸೋ ಕಾಲು ಇರೋರಿಗೆ ಕೊಡ್ತೀನಿ.’

‘ಮೂರು ಯಾಕೆ ಭಾವ, ಒಂದು ಸಾಕು.’

‘ಇಟ್ಕೊಳೋ ಮೂರು,’ ಎಂದಳು ಅಕ್ಕ, ತಟ್ಟೆಯಿಂದ ತಲೆ ಎತ್ತದೆ. ‘ಬೇಕಾಗುತ್ತೆ.’

ಬೇಕಾಯಿತು. ಮೊದಲ ಸಲ ನಕ್ಷೆ ಬರೆದವನು ದಡ್ಡ. ತಪ್ಪು ತಿರುವಿನಲ್ಲಿ ಇಪ್ಪತ್ತೆಂಟು ಕಿಲೋಮೀಟರ್ ಹೋದೆ. ಎರಡನೆಯ ಸಲ ಯಾರೋ ಕೊಟ್ಟ ಬೇಯಿಸಿದ ಮೊಟ್ಟೆ ಹಳಸಿತ್ತು. ‘ಒಂದ್ಸಲ ನೆಲ ಡೊಂಕು, ಇನ್ನೊಂದ್ಸಲ ಮೊಟ್ಟೆ ಡೊಂಕು,’ ಎಂದಳು ಅಕ್ಕ. ಇದು ಮೂರನೆಯದು. ನಾನೂರ ಅರವತ್ತನೇ ಕಿಲೋಮೀಟರಿನ ಮೇಜಿನಲ್ಲಿ ಸೀಲು ಹಿಡಿದುಕೊಂಡು ಕೂರಲು ಭಾವ ತಾವಾಗಿಯೇ ಒಪ್ಪಿಕೊಂಡಿದ್ದರು. ನನ್ನ ಸೋಲನ್ನು ಹತ್ತಿರದಿಂದ ನೋಡುವ ಆಸೆ ಎಂದುಕೊಂಡೆ.

ಇನ್ನು ಪೆಡಲ್ ವಿಷಯ. ಭಾವ ಹಾಕಿದ್ದ ಪೆಡಲ್‌ಗಳು ದಪ್ಪ, ಹಳೆಯವು. ಬೂಟಿನ ಅಡಿಯ ಕೊಕ್ಕೆ ಟಕ್ ಎಂದು ಸಿಕ್ಕಿಕೊಳ್ಳುವ ಹೊಸ ಜೊತೆಯೊಂದನ್ನು ತಂದೆ. ಕಚೇರಿಯ ತಕ್ಕಡಿಯಲ್ಲಿ ತೂಗಿದೆ. ಎರಡೂ ಸೇರಿ ಹಳೆಯದಕ್ಕಿಂತ ನೂರಾ ಹನ್ನೆರಡು ಗ್ರಾಂ ಕಡಿಮೆ. ಫೋನಿನಲ್ಲಿ ಭಾವನಿಗೆ ಹೇಳಿದೆ.

‘ಎಡಗಡೇದು ಉಲ್ಟಾ ಥ್ರೆಡ್ಡು. ಮುಟ್ಬೇಡ, ಅಂಗಡಿಗೆ ತಾ,’ ಎಂದರು.

‘ಗೊತ್ತು ಭಾವ. ನಾನೇನು ಮಗುವಾ?’

‘ಗೊತ್ತಿರೋದು ಬೇರೆ, ಕೈಗೆ ಬರೋದು ಬೇರೆ. ಮೊದಲ ಮೂರು ಸುತ್ತು ಬೆರಳಲ್ಲಿ. ಬೆರಳಲ್ಲಿ ಹೋಗ್ಲಿಲ್ಲ ಅಂದ್ರೆ ಅದು ಒಳಗೆ ಅಡ್ಡ ಕೂತಿದೆ ಅಂತ. ಸ್ಪ್ಯಾನರು ಆಮೇಲೆ.’

ಅವರ ಎಲ್ಲ ವಿದ್ಯೆಯೂ ಇಂಥದ್ದೇ: ಬೆರಳು, ಉಗುರು, ಕಿವಿ. ಸಂಖ್ಯೆಯೇ ಇಲ್ಲದ ವಿದ್ಯೆ. ಗುರುವಾರ ಸಂಜೆ ನನ್ನ ಕೋಣೆಯಲ್ಲಿ ಹಾಸಿಗೆಯ ಮೇಲೆ ಹಳೇ ಪೇಪರು ಹಾಸಿ, ಉದ್ದನೆಯ ಸ್ಪ್ಯಾನರಿನಿಂದ ಐದು ನಿಮಿಷದಲ್ಲಿ ಎರಡೂ ಪೆಡಲ್ ಕೂರಿಸಿದೆ. ಬಲಗಡೆಯದು ಬೆಣ್ಣೆಯಂತೆ ಹೋಯಿತು. ಎಡಗಡೆಯದು ಮೊದಲಿಂದಲೇ ಬಿಗಿ. ಬಿಗಿ ಇದ್ದರೆ ಒಳ್ಳೆಯದೇ ಎಂದುಕೊಂಡು ಸ್ಪ್ಯಾನರಿನ ತುದಿಗೆ ಕಾಲಿಟ್ಟು ತುಳಿದೆ.

*

ಭಾನುವಾರ ಬೆಳಿಗ್ಗೆ ಐದಕ್ಕೆ, ಮುನ್ನೂರೈವತ್ತನೇ ಕಿಲೋಮೀಟರಿನ ಶಾಲಾ ವರಾಂಡದಲ್ಲಿ ಸ್ವಲ್ಪ ಹೊತ್ತು ಮಲಗಿದ್ದು ಹೊರಟೆ. ಹೊರಟ ಅರ್ಧ ಗಂಟೆಗೆ ಎದುರುಗಾಳಿ ಶುರುವಾಯಿತು. ಮುಂದೆ ಒಂದು ಕೆಂಪು ದೀಪ ಮಿಣುಕುತ್ತಿತ್ತು. ಹತ್ತಿರ ಹೋದರೆ ಟೈಲರಮ್ಮ.

ಐವತ್ತು ದಾಟಿದ ಹೆಂಗಸು. ಕರೀ ಬಣ್ಣದ ಉಕ್ಕಿನ ಸೈಕಲ್, ಹಿಂದೆ ಕ್ಯಾರಿಯರ್, ಸೀಟಿಗೆ ಮಿಕ್ಕ ಬಟ್ಟೆಯಲ್ಲಿ ತಾನೇ ಹೊಲಿದ ಹೂವಿನ ಕವರು. ಹ್ಯಾಂಡಲ್ಲಿಗೆ, ಸೀಟಿನ ಕೆಳಕ್ಕೆ, ಫ್ರೇಮಿನ ಮಧ್ಯಕ್ಕೆ ತಾನೇ ಹೊಲಿದ ಚೀಲಗಳು; ಚೀಲದೊಳಗೆ ಜೇಬು, ಜೇಬಿನೊಳಗೆ ಜೇಬು. ಅಂಥ ಸೈಕಲ್ಲನ್ನು ನಾನು ಸಂತೆಯಲ್ಲಿ ನೋಡಿದ್ದೇನೆ, ಕೋಳಿ ಕಟ್ಟಿದ್ದನ್ನು.

ಆಕೆಯ ಬೆನ್ನ ಹಿಂದೆ ಗಾಳಿ ಇರಲಿಲ್ಲ. ಮುಂದಿನ ಚಕ್ರವನ್ನು ಆಕೆಯ ಹಿಂದಿನ ಚಕ್ರಕ್ಕೆ ಒಂದು ಗೇಣು ಬಿಟ್ಟು ಸೇರಿಸಿಕೊಂಡೆ. ಹೂವಿನ ಕವರು ನೋಡುತ್ತಾ, ಆಕೆ ಸೀಳಿದ ಗಾಳಿಯ ಹಿಂದೆ ಆರಾಮಾಗಿ ಹೋದೆ. ತಿರಸ್ಕಾರಕ್ಕೂ ಒಬ್ಬರು ಮುಂದೆ ಇರಬೇಕು.

‘ಯಾರದು?’ ಎಂದಳು, ತಿರುಗದೆ.

‘ನಾನು, ತೂಕದ ಇಲಾಖೆ.’

‘ಓ, ಇನ್ಸ್‌ಪೆಕ್ಟ್ರಾ. ನನ್ನ ಟೇಪು ಕತ್ತರಿಸ್ದೋರು.’

ಹೌದು, ಎರಡು ವರ್ಷದ ಹಿಂದೆ. ಬಟ್ಟೆಯ ಟೇಪು ಎಳೆದೂ ಎಳೆದೂ ಉದ್ದವಾಗುತ್ತದೆ. ಆಕೆಯದು ಅರ್ಧ ಇಂಚು ಬೆಳೆದಿತ್ತು. ಗಿರಾಕಿಗಳ ಮುಂದೆಯೇ ಕತ್ತರಿಸಿ ಹಾಕಿದ್ದೆ. ಸರಿಯಾಗಿ ನೋಡಿದರೆ ದರ್ಜಿಯ ಟೇಪು ನನ್ನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ.

‘ಅರ್ಧ ಇಂಚು ತಪ್ಪಿತ್ತು ಅಮ್ಮಾ.’

‘ಇತ್ತು. ಎಲ್ಲರಿಗೂ ಅರ್ಧ ಇಂಚು ಸಡಿಲ ಆಗ್ತಿತ್ತು. ಯಾರೂ ದೂರು ಹೇಳಿರ್ಲಿಲ್ಲ. ಊಟ ಮಾಡೋ ಜನ ಅಲ್ವಾ.’

ಆಗಲೇ ಆ ಸದ್ದು ಕೇಳಿಸಿತು. ಕಿರ್. ಒಂದು ಸುತ್ತಿಗೆ ಒಂದು ಸಲ. ಕಿರ್. ಹಳೇ ಬಾಗಿಲನ್ನು ಯಾರೋ ಸ್ವಲ್ಪ ತೆರೆದು, ಬೇಡ ಎಂದು ಮುಚ್ಚಿದ ಹಾಗೆ. ಹತ್ತು ಕಿಲೋಮೀಟರ್ ಸಹಿಸಿದೆ.

‘ನಿಮ್ಮ ಸೈಕಲ್ ಕಿರ್ ಅಂತಿದೆ.’

‘ಇಲ್ವಲ್ಲ.’

‘ಕೇಳ್ತಿದೆ ನನಗೆ.’

‘ಕೇಳ್ತಿದೆ, ನಂಗೂ. ನಂದಲ್ಲ. ಸದ್ದು ಎಲ್ಲಿಂದ ಅಂತ ಕಿವಿಗೆ ತಿಳಿಯಲ್ಲ ಇನ್ಸ್‌ಪೆಕ್ಟ್ರೇ, ಕಾಲಿಗೆ ತಿಳಿಯುತ್ತೆ. ಮೂವತ್ತು ವರ್ಷ ಮೆಷಿನ್ ತುಳಿದಿದೀನಿ. ನನ್ನ ಕಾಲು ಸುಮ್ನಿದೆ. ನಿಮ್ಮ ಕಾಲು ಏನನ್ನುತ್ತೆ?’

ಹೊಲಿಗೆ ಮೆಷಿನ್ನಿನ ಜ್ಞಾನವನ್ನು ಸೈಕಲ್ಲಿಗೆ ಹಚ್ಚುವವರ ಜೊತೆ ಏನು ವಾದ. ನನ್ನ ಬಳಿ ಸಾಕ್ಷಿಯಿತ್ತು: ಇಳಿಜಾರಿನಲ್ಲಿ ಆಕೆ ತುಳಿಯುವುದನ್ನು ನಿಲ್ಲಿಸಿದ ಕೂಡಲೇ ಸದ್ದು ನಿಲ್ಲುತ್ತಿತ್ತು, ಏರಿನಲ್ಲಿ ಮತ್ತೆ ಶುರುವಾಗುತ್ತಿತ್ತು. ಅದೇ ಇಳಿಜಾರಿನಲ್ಲಿ ನಾನೂ ತುಳಿಯುವುದನ್ನು ನಿಲ್ಲಿಸುತ್ತಿದ್ದೆ ಎಂಬುದು ಸಾಕ್ಷಿಯ ಪಟ್ಟಿಗೆ ಸೇರಲಿಲ್ಲ.

ಒಂದು ಬಸ್ ತಂಗುದಾಣದಲ್ಲಿ ಆಕೆಯನ್ನು ನಿಲ್ಲಿಸಿದೆ. ನನ್ನದೇ ಸ್ಪ್ಯಾನರ್ ತೆಗೆದು ಆಕೆಯ ಸೀಟಿನ ನಟ್ಟು ಬಿಗಿ ಮಾಡಿದೆ. ಆಕೆ ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಾ ನೋಡಿದಳು. ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಮತ್ತೆ ನಿಲ್ಲಿಸಿದೆ. ಚೈನಿಗೆ ಎಣ್ಣೆ ಬಿಟ್ಟೆ, ಪೆಡಲ್ ಅಲ್ಲಾಡಿಸಿದೆ, ಕ್ಯಾರಿಯರಿನ ಸ್ಕ್ರೂ ತಿರುಗಿಸಿದೆ. ಎಲ್ಲವೂ ಗಟ್ಟಿ.

‘ನಿಮ್ಗೆ ಸಮಾಧಾನ ಆಗೋವರ್ಗೂ ಮಾಡಿ,’ ಎಂದಳು. ‘ಸರ್ವೀಸ್ ಆಯ್ತು ಅಂದ್ಕೋತೀನಿ.’

ಮತ್ತೆ ಹೊರಟ ಮೂರನೇ ಸುತ್ತಿಗೆ ಕಿರ್.

ನನಗೆ ಸಿಟ್ಟು ನೆತ್ತಿಗೇರಿತು. ಗಾಳಿಯಾದರೂ ಸರಿ, ಈ ಸದ್ದು ಬೇಡ ಎಂದು ಸೀಟಿನಿಂದೆದ್ದು ತುಳಿದು ಆಕೆಯನ್ನು ದಾಟಿದೆ. ದಾಟುವಾಗ ‘ಇಂಥ ಸೈಕಲ್ ತರೋದಕ್ಕಿಂತ ಮೆಷಿನ್ನೇ ತಂದಿದ್ರೆ ಆಗ್ತಿತ್ತು’ ಎಂದೆ. ಆಕೆ ಏನೋ ಅಂದಳು, ಗಾಳಿಗೆ ಕೇಳಿಸಲಿಲ್ಲ. ಎರಡು ಕಿಲೋಮೀಟರ್ ಹಾಗೇ ಹೋದೆ.

ಕಿರ್.

ಇಷ್ಟು ವೇಗದಲ್ಲೂ ಹಿಂದೆಯೇ ಬಂದಳಲ್ಲ ಎಂದು ತಿರುಗಿ ನೋಡಿದೆ. ರಸ್ತೆ ಖಾಲಿ. ಬಹಳ ದೂರದಲ್ಲಿ ಒಂದು ಕಪ್ಪು ಚುಕ್ಕೆ ನಿಧಾನವಾಗಿ ಬರುತ್ತಿತ್ತು.

ಆಗ ನನ್ನ ಎಡಗಾಲು ಹೇಳಿತು. ಹೇಳಿತು ಎಂದರೆ, ಕೆಳಗೆ ಒತ್ತಿದಾಗ ಒಂದು ಕೂದಲೆಳೆಯಷ್ಟು ಏನೋ ಜಾರಿತು. ಇನ್ನೊಂದು ಸುತ್ತು, ಎರಡೆಳೆಯಷ್ಟು. ಮೂರನೆಯ ಸುತ್ತಿಗೆ ಕಾಲು ಎತ್ತಿದೆ. ಪೆಡಲೂ ಕಾಲಿನ ಜೊತೆಗೇ ಬಂತು. ಬೂಟಿಗೆ ಕಚ್ಚಿಕೊಂಡ ಪೆಡಲ್, ಅದರ ಬೆರಳುದ್ದದ ಉಕ್ಕಿನ ಕಡ್ಡಿ, ಕಡ್ಡಿಯ ಸುತ್ತ ಹೊಳೆಯುವ ಬೆಳ್ಳಿ ಎಳೆಗಳು. ಪೆಡಲ್ ಕೂರುವ ಕ್ರ್ಯಾಂಕಿನ ತೂತಿನೊಳಗಿನ ಥ್ರೆಡ್ ಅಷ್ಟೂ ಕಿತ್ತುಕೊಂಡು ಬಂದಿತ್ತು.

ಎಡವಿಕೊಂಡೇ ನಿಂತೆ. ಗಂಟೆ ಹತ್ತೂ ಹತ್ತು. ನಾನೂರ ಮೂವತ್ತನೇ ಕಿಲೋಮೀಟರ್. ಭಾವನ ಮೇಜಿಗೆ ಇನ್ನೂ ಮೂವತ್ತು, ಅದು ಮುಚ್ಚುವುದು ಹನ್ನೆರಡು ನಲವತ್ತಕ್ಕೆ. ಎರಡೂ ಕಾಲಿದ್ದರೆ ಮಕ್ಕಳಾಟದ ಲೆಕ್ಕ.

*

ಟೈಲರಮ್ಮ ಬಂದಾಗ ನಾನು ಮೈಲಿಗಲ್ಲಿನ ಮೇಲೆ ಕೂತು ಸ್ಪ್ಯಾನರಿನಿಂದ ಪೆಡಲನ್ನು ತೂತಿಗೆ ತುರುಕುತ್ತಿದ್ದೆ. ಎರಡು ಸುತ್ತು ಹೋಗಿ ಸುಮ್ಮನೆ ತಿರುಗುತ್ತಿತ್ತು. ಆಕೆ ಇಳಿದು ಸ್ಟ್ಯಾಂಡ್ ಹಾಕಿದಳು. ಆಕೆಯ ಸೈಕಲ್ಲಿಗೆ ಸ್ಟ್ಯಾಂಡ್ ಬೇರೆ ಇತ್ತು. ಕಿರ್ ವಿಷಯ ಎತ್ತುತ್ತಾಳೆಂದು ಕಾದೆ. ಎತ್ತಲಿಲ್ಲ. ಅದು ಇನ್ನೂ ಕೆಟ್ಟದ್ದು.

‘ತೋರ್ಸಿ,’ ಎಂದಳು.

ಪೆಡಲನ್ನು ತಿರುಗಿಸಿ ನೋಡಿದಳು, ಕಿರುಬೆರಳನ್ನು ತೂತಿನೊಳಗೆ ಹಾಕಿ ನೋಡಿದಳು. ಕಾಜಾ ಹರಿದ ಅಂಗಿ ನೋಡಿದ ಹಾಗೆ.

‘ಯಾರು ಕೂರ್ಸಿದ್ದು?’

‘ಒಬ್ಬ ಮೆಕ್ಯಾನಿಕ್,’ ಎಂದೆ.

‘ಅವನ ಕೈ ಮುರಿಯಾ,’ ಎಂದಳು ತಣ್ಣಗೆ. ‘ಅಡ್ಡ ಕೂರ್ಸಿ ತುಳ್ದಿದಾನೆ. ದನ ಕೂಡ ಕೊಟ್ಟಿಗೆಗೆ ನೇರ ನುಗ್ಗುತ್ತೆ.’

ಆಗ ಬಲ್ಬು ಡಾಕ್ಟರು ಬಂದರು. ‘ಎಲ್ಲ ಓಕೆನಾ?’ ಎಂದರು, ವೇಗ ತಗ್ಗಿಸದೆ, ಉತ್ತರ ಬರುವ ಮೊದಲೇ ತಿರುವಿನಲ್ಲಿ ಮರೆಯಾದರು. ಅವರ ಜಾಗದಲ್ಲಿದ್ದರೆ ನಾನು ಅಷ್ಟೂ ಕೇಳುತ್ತಿರಲಿಲ್ಲ.

ಟೈಲರಮ್ಮ ರಸ್ತೆ ಬದಿಯ ಕಸದಲ್ಲಿ ಕಾಲಾಡಿಸಿ ಒಂದು ತಂಪು ಪಾನೀಯದ ಖಾಲಿ ಡಬ್ಬ ಎತ್ತಿಕೊಂಡಳು. ಜೇಬಿನೊಳಗಿನ ಜೇಬಿನಿಂದ ಕತ್ತರಿ ತೆಗೆದಳು. ಹಿಡಿಕೆಗೆ ದಾರ ಸುತ್ತಿದ, ಅಂಚು ನೀಲಿಗಟ್ಟಿದ ಬಟ್ಟೆ ಕತ್ತರಿ. ಒಂದು ಕ್ಷಣ ಅದನ್ನು ನೋಡಿದಳು, ಆಮೇಲೆ ತಗಡಿಗೆ ಹಾಕಿದಳು. ತಗಡು ಕೀಚಲು ಸದ್ದು ಮಾಡುತ್ತಾ ತುಂಡಾಯಿತು.

‘ಕತ್ತರಿ ಹಾಳಾಗುತ್ತೆ,’ ಎಂದೆ.

‘ಆಗುತ್ತೆ. ಇದಕ್ಕೆ ಕಾಗದ ಮುಟ್ಸಿದ್ರೂ ನಮ್ಮತ್ತೆ ಕೈಮೇಲೆ ಹೊಡೀತಿದ್ರು.’

‘ಹೊಸದು ಕೊಡಿಸ್ತೀನಿ.’

‘ಹೊಸದು ಕೈಗೆ ಬಗ್ಗೋಕೆ ಮೂರು ವರ್ಷ ಬೇಕು. ಅಲ್ಲೀವರ್ಗೂ ನೀವು ಬಂದು ಕತ್ತರಿಸಿಕೊಡ್ತೀರಾ? ಟೇಪು ಚೆನ್ನಾಗಿ ಕತ್ತರಿಸ್ತೀರಪ್ಪ.’

‘ಹಾಗಾದ್ರೆ ಯಾಕೆ ಮಾಡ್ತಿದೀರ?’

‘ಇಲ್ಲೇ ಬಿಟ್ಟು ಹೋದ್ರೆ ನಾಳೆ ಬಂದು ನನ್ನ ಮೆಷಿನ್ನಿಗೆ ಸೀಲ್ ಹಾಕ್ತೀರ.’

ಬೆರಳಗಲದ ತಗಡಿನ ಪಟ್ಟಿಯನ್ನು ಪೆಡಲಿನ ಕಡ್ಡಿಗೆ ಸುತ್ತಿದಳು, ಅದರ ಮೇಲೆ ಹೊಲಿಗೆ ದಾರ ಎರಡು ಸುತ್ತು. ಆಮೇಲೆ ಪೆಡಲನ್ನು ತೂತಿನ ಬಾಯಿಗೆ ಹಿಡಿದು, ಎರಡೂ ಕಣ್ಣು ಅರೆಮುಚ್ಚಿ, ಬೆರಳ ತುದಿಯಿಂದ ಉಲ್ಟಾ ತಿರುಗಿಸಿದಳು. ನಿಲ್ಲಿಸಿದಳು. ಹಿಂದಕ್ಕೆ ತಂದಳು. ಮತ್ತೆ ತಿರುಗಿಸಿದಳು. ನಾನು ಸ್ಪ್ಯಾನರ್ ಚಾಚಿದೆ.

‘ಇಟ್ಕೊಳಿ ಅದನ್ನ. ಮೊದ್ಲು ಬೆರಳಲ್ಲಿ ಹೋಗ್ಬೇಕು. ಮೆಷಿನ್ನಿಗೆ ಬಾಬಿನ್ ಕೇಸ್ ಕೂರ್ಸೋವಾಗ ಹಿಂಗೇ. ಬೆರಳಿಗೆ ಬೇಡ ಅಂದ್ರೆ ಅದಕ್ಕೂ ಬೇಡ ಅಂತ.’

ಭಾವ ಫೋನಿನಲ್ಲಿ ಹೇಳಿದ ಮಾತನ್ನೇ, ಭಾವನನ್ನು ಕಂಡೇ ಇರದ ಈ ಹೆಂಗಸು ಹೇಳುತ್ತಿದ್ದಳು. ಈ ಜನರೆಲ್ಲ ಸೇರಿ ಎಲ್ಲೋ ಸಭೆ ನಡೆಸಿ ಮಾತು ಹಂಚಿಕೊಳ್ಳುತ್ತಾರೆ ಎನ್ನಿಸಿತು.

ಮುಗಿದಾಗ ಹತ್ತು ಐವತ್ತೈದು. ‘ಎದ್ದು ನಿಂತು ತುಳೀಬೇಡಿ. ಸುಮ್ನೆ ನನ್ನ ಹಿಂದೆ ಬನ್ನಿ,’ ಎಂದಳು. ನಾನು ಹಿಂದೆ ಹೋದೆ. ಮತ್ತೆ ಅದೇ ಹೂವಿನ ಕವರು. ಈಗ ಸದ್ದು ಕಿರ್ ಅಲ್ಲ, ತಗಡಿನ ಕಟ ಕಟ. ನನ್ನದು ಎಂದು ಇಬ್ಬರಿಗೂ ಗೊತ್ತಿದ್ದ ಸದ್ದು.

ಹದಿನಾರು ಕಿಲೋಮೀಟರ್ ತಡೆಯಿತು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ, ಒಂದು ಏರಿನ ಬುಡದಲ್ಲಿ, ತಗಡು ಹರಿದು ಪೆಡಲ್ ಮತ್ತೆ ಕೈಗೆ ಬಂತು. ತೂತು ಈಗ ಬಾವಿಯಂತೆ ಬಾಯಿ ಬಿಟ್ಟಿತ್ತು. ಟೈಲರಮ್ಮ ಒಂದು ಕಾಲು ನೆಲಕ್ಕೂರಿ ತಿರುಗಿ ನೋಡಿದಳು.

‘ಇನ್ನು ಹದ್ನಾಲ್ಕು ಇದೆ,’ ಎಂದಳು. ‘ನಾನು ಹೊರಟೆ. ಇನ್ನೊಂದ್ಸಲ ನಿಂತ್ರೆ ನನ್ನ ಸೀಲೂ ಹೋಗುತ್ತೆ.’

‘ಹೋಗಿ.’

‘ಆವಾಗ ಎರಡ್ಸಲ ನಿಲ್ಸಿದ್ರಲ್ಲ, ನನ್ನ ನಟ್ಟು ಬಿಗಿ ಮಾಡೋಕೆ. ಎಷ್ಟು ಹೊತ್ತಾಯ್ತು ಅದು?’

‘ಇಪ್ಪತ್ತು ನಿಮಿಷ.’

‘ಹ್ಞೂಂ,’ ಎಂದಳು. ಅಷ್ಟೆ. ಹೊರಟಳು.

*

ಒಂಟಿಕಾಲಿನಲ್ಲಿ ಸೈಕಲ್ ತುಳಿಯುವುದು ಹೇಗೆ ಎಂದರೆ, ಬಲಗಾಲು ಒತ್ತಬೇಕು, ಅದೇ ಕಾಲು ಬೂಟಿನ ಕೊಕ್ಕೆಯಿಂದ ಮೇಲಕ್ಕೆ ಎಳೆಯಬೇಕು. ಎಡಗಾಲು ಕೆಲಸವಿಲ್ಲದ ನೆಂಟನಂತೆ ಪಕ್ಕದಲ್ಲಿ ನೇತಾಡುತ್ತಿರುತ್ತದೆ. ಏರಿನಲ್ಲಿ ಇಳಿದು ತಳ್ಳಿಕೊಂಡು ಓಡಿದೆ. ಬೂಟಿನ ಅಡಿಯ ಕೊಕ್ಕೆ ಡಾಂಬರಿನ ಮೇಲೆ ಟಪ ಟಪ ಎನ್ನುತ್ತಿತ್ತು, ಕುಂಟು ಕುದುರೆಯ ಹಾಗೆ. ಟ್ರಾಕ್ಟರಿನ ಹಿಂದೆ ಕೂತ ನಾಲ್ವರು ಕೂಲಿಯವರು ನೋಡಿದರು. ಒಬ್ಬ ಇನ್ನೊಬ್ಬನಿಗೆ ಏನೋ ಹೇಳಿದ, ನಾಲ್ವರೂ ನಕ್ಕರು. ಅವರ ಜಾಗದಲ್ಲಿ ಕೂತು ನನ್ನನ್ನು ನೋಡಿದ್ದರೆ ನಾನು ಹೇಳುತ್ತಿದ್ದ ಮಾತು ಇನ್ನೂ ಹರಿತವಾಗಿರುತ್ತಿತ್ತು. ಅದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೊಸೆದೆ. ನೂರಾ ಹನ್ನೆರಡು ಗ್ರಾಂ ಉಳಿಸಿದವನು ಬರುತ್ತಿದ್ದಾನೆ, ದಾರಿ ಬಿಡಿ. ತೊಡೆ ಉರಿಯುತ್ತಿತ್ತು. ಪೆಡಲ್ ಅಂಗಿಯ ಬೆನ್ನ ಜೇಬಿನಲ್ಲಿ ಕೂತು ಸೊಂಟಕ್ಕೆ ಚುಚ್ಚುತ್ತಿತ್ತು.

ಭಾವನ ಮೇಜು ಇದ್ದದ್ದು ಊರಾಚೆ, ಲಾರಿ ತೂಗುವ ವೇ ಬ್ರಿಡ್ಜಿನ ಆಫೀಸಿನಲ್ಲಿ. ರಸ್ತೆಯಿಂದ ಬಂದವರು ನೇರ ಆ ಉಕ್ಕಿನ ಹಾಸಿನ ಮೇಲೆಯೇ ಹಾಯಬೇಕು. ಹಾಸಿನ ಮೇಲೆ ಬಂದು ಇಳಿದೆ. ಕಿಟಕಿಯ ಮೇಲಿನ ಕೆಂಪು ಅಂಕಿಗಳು ಒಮ್ಮೆ ಮಿಟುಕಿ ‘80’ ಎಂದು ನಿಂತವು. ನಾನು, ಸೈಕಲ್, ನೀರಿನ ಬಾಟಲಿ, ಜೇಬಿನ ಪೆಡಲ್, ಎಲ್ಲ ಸೇರಿ ಎಂಬತ್ತು ಕಿಲೋ. ಹತ್ತು ಕಿಲೋಗಿಂತ ಸಣ್ಣದು ಆ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ನನಗೆ ಚೆನ್ನಾಗಿ ಗೊತ್ತು. ಹೋದ ವರ್ಷ ಅದನ್ನು ಒಂಬತ್ತು ದಿನ ಮುಚ್ಚಿಸಿದವನು ನಾನೇ. ಇಪ್ಪತ್ತು ಕಿಲೋ ತಪ್ಪು ತೋರಿಸುತ್ತಿತ್ತು. ‘ನಲವತ್ತು ಟನ್ನಿಗೆ ಇಪ್ಪತ್ತು ಕೆಜಿ ಯಾವ ಲೆಕ್ಕ ಸಾರ್’ ಎಂದು ಅದರ ಆಪರೇಟರ್ ನನ್ನ ಹಿಂದೆ ಜೀಪಿನ ತನಕ ಬಂದಿದ್ದ.

ಒಳಗೆ ಭಾವ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಕೂತಿದ್ದರು. ಮುಂದೆ ರಿಜಿಸ್ಟರು, ಸೀಲು, ಶಾಯಿಯ ಪ್ಯಾಡು. ಟೈಲರಮ್ಮ ಮೂಲೆಯ ಸ್ಟೂಲಿನ ಮೇಲೆ ಬ್ರೆಡ್ ತಿನ್ನುತ್ತಿದ್ದಳು. ಕಂಪ್ಯೂಟರಿನ ಮುಂದೆ ಅದೇ ಆಪರೇಟರ್. ಅವನ ತಲೆಯ ಮೇಲೆ, ಚೌಕಟ್ಟು ಹಾಕಿಸಿದ ನಮ್ಮ ಇಲಾಖೆಯ ಪ್ರಮಾಣಪತ್ರ, ಕೆಳಗೆ ನನ್ನ ಸಹಿ. ಅದರ ಪಕ್ಕ ಗೋಡೆ ಗಡಿಯಾರ. ಹನ್ನೆರಡು ನಲವತ್ತ್ಮೂರು.

ಕಾರ್ಡು ಮೇಜಿನ ಮೇಲಿಟ್ಟೆ. ಜೇಬಿನಿಂದ ಪೆಡಲನ್ನೂ ತೆಗೆದು ಪಕ್ಕದಲ್ಲಿಟ್ಟೆ. ಭಾವ ಕಾರ್ಡನ್ನು ಮುಟ್ಟಲಿಲ್ಲ. ಪೆಡಲ್ ಎತ್ತಿಕೊಂಡು, ಥ್ರೆಡ್ಡಿನ ಮೇಲೆ ಹೆಬ್ಬೆರಳ ಉಗುರು ಎಳೆದರು.

‘ಒಬ್ಬ ಮೆಕ್ಯಾನಿಕ್ ಕೂರ್ಸಿದ್ದಂತೆ,’ ಎಂದಳು ಟೈಲರಮ್ಮ ಮೂಲೆಯಿಂದ.

ಭಾವ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ‘ಹೌದಾ? ಯಾವ ಅಂಗಡಿಯವನಪ್ಪ?’

ನಾನು ನೆಲ ನೋಡಿದೆ. ಟೈಲರಮ್ಮನ ದವಡೆ ಒಂದು ಕ್ಷಣ ನಿಂತು ಮತ್ತೆ ಬ್ರೆಡ್ ಅಗಿಯಿತು. ಆಕೆಗೆ ಅಷ್ಟು ಸಾಕಾಯಿತು.

‘ಮೂರು ನಿಮಿಷ,’ ಎಂದರು ಭಾವ. ದನಿಯಲ್ಲಿ ಗೆಲುವಿಲ್ಲ. ಇರುತ್ತದೆಂದು ಒಂದು ಕಾಲಿನಲ್ಲಿ ಹದಿನಾಲ್ಕು ಕಿಲೋಮೀಟರ್ ಬಂದಿದ್ದೆ, ಅದೂ ಸಿಗಲಿಲ್ಲ.

ಆಗ ಆಪರೇಟರ್ ಕುರ್ಚಿ ತಿರುಗಿಸಿದ. ‘ಆ ಗಡಿಯಾರ ಐದು ನಿಮಿಷ ಮುಂದಿದೆ ಸಾರ್,’ ಎಂದ. ‘ಯಾವಾಗ್ಲೂ ಹಂಗೇ. ಲಾರಿಯೋರು ಬೇಗ ಬರ್ಲಿ ಅಂತ ನಾವೇ ಇಟ್ಟಿರೋದು.’

ಅವನ ಮುಖದಲ್ಲಿ ಆ ನಗು. ಮುಳ್ಳು ಸ್ವಲ್ಪ ಆ ಕಡೆ ನಿಲ್ಲುತ್ತೆ ಸಾರ್, ಅಷ್ಟೆ.

ಭಾವ ಗಡಿಯಾರ ನೋಡಿದರು, ಅವನನ್ನು ನೋಡಿದರು. ಅವರ ಕೈಗೆ ವಾಚಿಲ್ಲ. ಚಕ್ರಕ್ಕೆ ಸಿಕ್ಕುತ್ತದೆಂದು ಕಟ್ಟುವುದೇ ಇಲ್ಲ. ಫೋನು ಚೀಲದಲ್ಲಿತ್ತು. ತೆಗೆದು ನೋಡಬಹುದಿತ್ತು, ತೆಗೆಯಲಿಲ್ಲ. ಪೆನ್ನಿನ ಮುಚ್ಚಳ ಬಿಚ್ಚಿ ರಿಜಿಸ್ಟರಿನ ಮೇಲೆ ಹಿಡಿದರು.

‘ನೀನೇ ಹೇಳು ತಕ್ಕಡಿ. ಎಷ್ಟು ಅಂತ ಬರೀಲಿ?’

ನನ್ನ ಹ್ಯಾಂಡಲ್ಲಿನ ಮೀಟರು ಹೊರಗೆ ಸೈಕಲ್ಲಿನಲ್ಲಿತ್ತು. ಅದರಲ್ಲಿ ಗಂಟೆ ಎಷ್ಟೆಂದು ನೋಡಿಕೊಂಡೇ ಒಳಗೆ ಬಂದಿದ್ದೆ, ಹನ್ನೆರಡು ನಲವತ್ತ್ಮೂರು. ನಲವತ್ತು ಗಂಟೆಯ ಲೆಕ್ಕದಲ್ಲಿ ಮೂರು ನಿಮಿಷ. ‘ಮೂವತ್ತೆಂಟು’ ಎಂದರೆ ಸಾಕು, ಸೀಲು ಬೀಳುತ್ತದೆ. ಹೊರಗೆ ಭಾವನ ವ್ಯಾನಿನಲ್ಲಿ ಹಳೆಯ ಕ್ರ್ಯಾಂಕುಗಳು ಒಂದು ಡಬ್ಬದ ತುಂಬ ಇರುತ್ತವೆ. ಇನ್ನುಳಿದ ನೂರಾ ನಲವತ್ತು ಕಿಲೋಮೀಟರಿಗೆ ಒಂಬತ್ತು ಗಂಟೆಯಿದೆ. ರಾತ್ರಿ ಹತ್ತಕ್ಕೆ ಸೈಕಲ್ ನನ್ನದು.

ಆಪರೇಟರ್ ಕತ್ತು ಚಾಚಿ ಕಾಯುತ್ತಿದ್ದ. ಮುಂದಿನ ಸಲ ನಾನು ಪರೀಕ್ಷೆಗೆ ಬಂದಾಗ ಈ ಐದು ನಿಮಿಷವನ್ನು ಅವನು ಇಪ್ಪತ್ತು ಕಿಲೋಗೆ ಬದಲಿಸಿಕೊಳ್ಳುತ್ತಾನೆ. ಅದು ಹೋಗಲಿ. ಆ ನಗುವಿಗೆ ಎದುರಾಗಿ ನಾನೂ ಹಾಗೇ ನಗಬೇಕಾಗುತ್ತದೆ, ಅದೇ ಜಿಡ್ಡಿನ ನಗು. ಟೈಲರಮ್ಮ ಬ್ರೆಡ್ಡಿನ ತುಣುಕನ್ನು ಕೈಯಲ್ಲೇ ಹಿಡಿದು ನನ್ನ ಬಾಯಿ ನೋಡುತ್ತಿದ್ದಳು. ಬೇಕಾದರೆ ಹೇಳಿಕೋ ಎನ್ನುವಂಥ, ಅರ್ಧ ಇಂಚಿಗೆ ತಲೆ ಕೆಡಿಸಿಕೊಳ್ಳದ ನೋಟ. ಈ ಇಬ್ಬರ ಕರುಣೆಯನ್ನೂ ಒಟ್ಟಿಗೆ ನುಂಗುವಷ್ಟು ದೊಡ್ಡ ಗಂಟಲು ನನಗಿರಲಿಲ್ಲ.

‘ಗಡಿಯಾರ ಸರಿಯಾಗಿದೆ,’ ಎಂದೆ. ‘ನಲವತ್ತ್ಮೂರು.’

ಆಪರೇಟರ್ ಕುರ್ಚಿಯನ್ನು ಕಂಪ್ಯೂಟರಿನ ಕಡೆ ತಿರುಗಿಸಿಕೊಂಡ. ‘ನಮ್ಮಲ್ಲಿ ಏನೋ ಒಂದು ಸರಿಯಾಗಿದೆ ಅಂತ ಇವ್ರು ಹೇಳಿದ್ದು ಇದೇ ಮೊದಲು,’ ಎಂದು ಪರದೆಗೆ ಹೇಳಿದ.

ಭಾವ ಬರೆದರು. ನಿಧಾನವಾಗಿ, ಅಂಗಡಿಯ ಚೀಟಿ ಬರೆಯುವ ದುಂಡು ಅಕ್ಷರದಲ್ಲಿ. ಸೀಲನ್ನು ಎತ್ತಿ ಡಬ್ಬದೊಳಗಿಟ್ಟರು. ಕಾರ್ಡನ್ನು ನನ್ನ ಕಡೆ ಸರಿಸಿದರು. ಎದ್ದು ಮಂಡಿ ಹಿಡಿದುಕೊಂಡು ಹೊರಗೆ ಹೋಗಿ, ಸೈಕಲ್ಲನ್ನು ಸೀಟಿನಲ್ಲಿ ಹಿಡಿದು ಮೇಲೆ ಕೆಳಗೆ ನೋಡಿದರು, ಊರಿಗೆ ಹೋಗಿ ಬಂದ ಮಗುವಿನ ಮೈ ನೋಡುವ ಹಾಗೆ. ಕ್ರ್ಯಾಂಕಿನ ತೂತಿಗೆ ಬೆರಳಿಟ್ಟು ಸುತ್ತಲೂ ಆಡಿಸಿದರು.

‘ಬೆರಳಲ್ಲಿ ಮೂರು ಸುತ್ತು ಅಂದಿದ್ದೆ,’ ಎಂದರು.

‘ಅಂದಿದ್ರಿ.’

‘ವ್ಯಾನ್ ಹತ್ತು.’

ಆ ಹೊತ್ತಿಗೆ ಟೈಲರಮ್ಮ ಹೊರಬಂದಳು. ಕೈ ಒರೆಸಿಕೊಂಡು, ಬಾಟಲಿಗೆ ನೀರು ತುಂಬಿಕೊಂಡು, ಹೂವಿನ ಕವರನ್ನು ಒಮ್ಮೆ ತಟ್ಟಿ ಹತ್ತಿದಳು. ಭಾವನಿಗೆ ತಲೆಯಾಡಿಸಿದಳು.

‘ಇನ್ಸ್‌ಪೆಕ್ಟ್ರೇ, ನನ್ನ ಸೀಟಿನ ನಟ್ಟು ಬಹಳ ಬಿಗಿ ಮಾಡಿದೀರ. ಬಿಚ್ಚೋಕೆ ಆಗಲ್ಲ ಇನ್ನು,’ ಎಂದಳು. ‘ಅಂಗಡಿ ಕಡೆ ಬನ್ನಿ. ಬಂದು ಬಿಚ್ಚಿಕೊಡಿ.’

ಆಕೆ ಉಕ್ಕಿನ ಹಾಸಿನ ಮೇಲೆ ಹಾದು ರಸ್ತೆಗಿಳಿದಳು. ಅಲ್ಲಿಂದ ಒಂದು ಸಣ್ಣ ಏರು. ಮಧ್ಯಾಹ್ನದ ರಸ್ತೆ ಖಾಲಿ, ಗಾಳಿ ನಿಂತಿತ್ತು, ಒಂದು ಲಾರಿಯೂ ಇರಲಿಲ್ಲ. ಭಾವ ವ್ಯಾನಿನ ಹಿಂಬಾಗಿಲು ತೆಗೆದು ಕರೆಯುತ್ತಿದ್ದರು. ನಾನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಆಕೆ ಏರಿನ ಮೇಲೆ ತುಳಿಯುತ್ತಾ ಸಣ್ಣದಾಗುತ್ತಾ ಹೋಗುವ ತನಕ ಕಿವಿ ಕೊಟ್ಟು ಕೇಳಿದೆ. ಒಂದೇ ಒಂದು ಸಲ, ಒಂದು ಸುತ್ತಿಗೆ, ಕೂದಲೆಳೆಯಷ್ಟಾದರೂ ಕಿರ್ ಎನ್ನಲಿ ಎಂದು.

ಎನ್ನಲಿಲ್ಲ.